ಸಿರುಗುಪ್ಪಕ್ಕೆ ವರ್ಗವಾದರೂ ನಿಲ್ಲದ ತಹಸೀಲ್ದಾರ ಪಾರಿವಾಳಕ್ಕೆ

ಬಳ್ಳಾರಿ, ಆದಿತ್ಯವಾರ, ದೀಪ ಹಚ್ಚುವ ಹೊತ್ತು. ಬೆಳಿಗ್ಗೆ ಕುರುಗೋಡಿನಿಂದ ಅಣ್ಣನ ಬಂಡಿ ಬಂತು. ಮಧ್ಯಾಹ್ನಕ್ಕೆ ಅರ್ಧ ಮನೆ ಬಂಡಿಯೇರಿತು. ಬಿಸಿಲು ಇಳಿಯುವಾಗ ತಾವು ಬಂದಿರಿ. ಆಮೇಲೆ ಯಾರ ಕೆಲಸವೂ ಮುಗಿಯಲಿಲ್ಲ.

ಮಾನ್ಯರೇ, ಆಕಾಶಮಾರ್ಗದಲ್ಲಿ ಸಂಚರಿಸುವವರೇ, ನಮ್ಮ ಮಾಳಿಗೆಗೆ ವರ್ಷವಿಡೀ ಸ್ವಂತ ಹೊಟ್ಟೆಯಿಂದ ಸುಣ್ಣ ಬಳಿಯುತ್ತ ಬಂದಿರುವ ಉದಾರಿಗಳೇ,

ತಮ್ಮ ಬೂದು ರೆಕ್ಕೆಗಳಿಗೆ, ಕೆಂಪು ಪಾದಗಳಿಗೆ, ಸದಾ ಸಂಶಯದಿಂದ ತಿರುಗುವ ಆ ದುಂಡು ಕಣ್ಣಿಗೆ ನನ್ನ ಗೌರವಪೂರ್ವಕ ವಂದನೆಗಳು. ದಿನವೂ ಈ ಹೊತ್ತಿಗೆ ದಿನಚರಿಯಲ್ಲಿ ನಾಲ್ಕು ಸಾಲು ಬರೆದು, ಯಾರಿಗೂ ಏನೂ ಹೇಳದೆ ಮಲಗುವುದು ನನ್ನ ರೂಢಿ. ಇಂದು ನಡೆದದ್ದನ್ನು ಮಾತ್ರ ಓಣಿಯ ಎಲ್ಲ ಮಾಳಿಗೆಗಳಿಂದ ಎಲ್ಲರೂ ನೋಡಿರುವುದರಿಂದ ದಿನಚರಿಗೆ ಹೇಳಿಕೊಳ್ಳುವಂಥದ್ದು ಏನೂ ಉಳಿದಿಲ್ಲ. ಆದಕಾರಣ ಈ ದೂರನ್ನು ಬಹಿರಂಗವಾಗಿಯೇ ತಮ್ಮ ಸನ್ನಿಧಾನಕ್ಕೆ ಸಲ್ಲಿಸುತ್ತಿದ್ದೇನೆ. ತಾವು ಇದನ್ನು ಓದುವುದಿಲ್ಲ ಎಂಬುದು ನನಗೆ ಗೊತ್ತು. ಅರ್ಜಿ ಬರೆಯುವವರಿಗೆ ಅದು ಹೊಸದಲ್ಲ.

ತಮಗೆ ತಹಸೀಲ್ದಾರ ಎಂದು ಹೆಸರಿಟ್ಟವರು ನಮ್ಮ ಯಜಮಾನರು. ಹಗಲೆಲ್ಲ ಹತ್ತಿ ಗಿರಣಿಯಲ್ಲಿ ದುಡಿದು, ಸಂಜೆ ಹಿತ್ತಲಿಗೆ ಬಂದು, ಅವರೇ ನಿಂತು ಕಲ್ಲುಕಂಬಗಳ ಮೇಲೆ ಕಟ್ಟಿಸಿದ ಗೂಡಿನ ಮುಂದೆ ಸಜ್ಜೆ ಚೆಲ್ಲುವಾಗ ಉಳಿದ ಪಾರಿವಾಳಗಳು ಮುಗಿಬೀಳುತ್ತಿದ್ದವು; ತಾವೊಬ್ಬರೇ ಎದೆ ಉಬ್ಬಿಸಿ, ಕತ್ತಿನ ಹಸಿರು ಮಿಂಚಿಸಿ, ಜಮಾಬಂದಿಗೆ ಬಂದವರ ಹಾಗೆ ಅಡ್ಡಾಡುತ್ತಿದ್ದಿರಿ. "ನೋಡಲ್ಲಿ, ತಹಸೀಲ್ದಾರ ಸಾಹೇಬ್ರು ಹೊಂಟ್ರು. ಎದ್ದು ನಿಂದ್ರು" ಎಂದು ಅವರು ನನಗೆ ಹೇಳುತ್ತಿದ್ದರು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ನಿಲ್ಲುತ್ತಿರಲಿಲ್ಲ. ಆ ಸಿಟ್ಟನ್ನು ತಾವು ಇಲ್ಲಿಯತನಕ ಕಾಪಾಡಿಕೊಂಡು ಬಂದಿದ್ದೀರಿ ಎಂದು ಈಗ ನನಗೆ ಅನುಮಾನ.

ತಮ್ಮ ವಿದ್ಯಾಭ್ಯಾಸದಲ್ಲಿ ಅವರು ಏನೂ ಕಡಿಮೆ ಮಾಡಲಿಲ್ಲ. ತಾವು ಮರಿಯಾಗಿದ್ದಾಗ ತಂತಿಯ ಪಂಜರದಲ್ಲಿ ಗೂಡಿನ ನೆತ್ತಿಯ ಮೇಲೆ ಕೂರಿಸಿ, ಗುಡ್ಡ, ಕೋಟೆ, ಕಂಟೋನ್ಮೆಂಟಿನ ಮರಗಳು, ನಮ್ಮ ಹೊಗೆಗಂಡಿ, ಎಲ್ಲವನ್ನೂ ಕಣ್ಣು ತುಂಬ ತೋರಿಸಿದರು. ಆಮೇಲೆ ಬೆಳಿಗ್ಗೆ ಕಾಳು ಹಾಕದೆ, ಬುಟ್ಟಿಯಲ್ಲಿ ಕೂರಿಸಿ, ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಮೊದಲು ಕಂಟೋನ್ಮೆಂಟಿನಿಂದ, ಮುಂದೆ ಮೋಕದಿಂದ, ಬಾದನಹಟ್ಟಿಯಿಂದ, ಕಡೆಗೆ ಮೋಟಾರಿನಲ್ಲಿ ಒಯ್ದು ಸಿರುಗುಪ್ಪದ ಹೊಳೆದಂಡೆಯಿಂದ ಹಾರಿಬಿಟ್ಟರು. ಹಸಿದ ತಾವು ನೇರ ಮನೆಗೆ ಬಂದು ಊಟಕ್ಕೆ ಇಳಿಯುತ್ತಿದ್ದಿರಿ. ಪಾರಿವಾಳ ಸಾಕುವ ಮಹನೀಯರಲ್ಲಿ ಒಬ್ಬರ ಹಕ್ಕಿಯನ್ನು ಇನ್ನೊಬ್ಬರು ಕಾಳು ತೋರಿಸಿ ಇಳಿಸಿಕೊಳ್ಳುವ ಸಭ್ಯ ಪದ್ಧತಿ ಇರುವುದರಿಂದ, ಯಜಮಾನರು ಎರಡು ಬೆರಳು ಬಾಯಿಗಿಟ್ಟು ಹೊಡೆಯುವ ಸೀಟಿ ಕೇಳದೆ ಎಲ್ಲಿಯೂ ಇಳಿಯಬಾರದೆಂದೂ ತಮಗೆ ಕಲಿಸಿದರು. ಕಲಿತದ್ದನ್ನು ಇಷ್ಟು ಮೊಂಡಾಗಿ ನೆನಪಿಟ್ಟುಕೊಂಡ ವಿದ್ಯಾರ್ಥಿಯನ್ನು ನಾನು ಐದನೇ ಕ್ಲಾಸಿನವರೆಗೆ ಓದಿದ ಶಾಲೆಯಲ್ಲಿ ಕಾಣಲಿಲ್ಲ.

ಅವರಲ್ಲಿ ಇನ್ನೊಂದು ಉಪಾಯವೂ ಇತ್ತು. ಗಂಡು ಹಕ್ಕಿಯನ್ನು ದೂರದಿಂದ ಹಾರಿಬಿಡುವ ದಿನ ಅದರ ಹೆಣ್ಣನ್ನು ಗೂಡಿನಲ್ಲೇ ಕೂಡಿಹಾಕುವುದು. "ಜೋಡಿ ಅಗಲಿಸಿದ್ರ ಗಂಡು ದಾರಿಯಾಗ ಎಲ್ಲೂ ನಿಲ್ಲಂಗಿಲ್ಲ, ಬಾಣ ಬಿಟ್ಟಂಗ ಬರ್ತೈತಿ" ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದರು. ನಾನೂ ಹಗಲೆಲ್ಲ ಗೂಡಿನಲ್ಲೇ ಕೂತಿರುತ್ತಿದ್ದೆ. ವಿವರಿಸುವವರು ಮಾತ್ರ ಗಿರಣಿಯಿಂದ ಮನೆಗೆ ಬರುವ ದಾರಿಯಲ್ಲಿ ಚಹದಂಗಡಿ, ಕ್ಷೌರದಂಗಡಿ, ಸೈಕಲ್ ಅಂಗಡಿ ಎಲ್ಲದರ ಮುಂದೂ ನಿಂತು ನಿಂತೇ ಬರುತ್ತಿದ್ದರು. ತಮ್ಮ ಹೆಣ್ಣನ್ನು ಗಿಡುಗ ಒಯ್ದ ಮೇಲೂ ತಾವು ಅದೇ ವೇಗದಲ್ಲಿ ಮನೆಗೆ ಬರುತ್ತಿದ್ದುದರಿಂದ ಅವರ ಸಿದ್ಧಾಂತಕ್ಕೆ ಪೆಟ್ಟು ಬಿತ್ತು. ಅದನ್ನು ನಾನು ಎತ್ತಿ ಆಡಲಿಲ್ಲ.

ಕಳೆದ ದೀಪಾವಳಿ ಮುಗಿದ ವಾರ ಯಜಮಾನರು ಜ್ವರ ಬಂದು ತೀರಿಕೊಂಡರು. ಸಮಾಧಾನ ಹೇಳಲು ಬಂದ ನೆಂಟರು ಚೆನ್ನಾಗಿ ಉಂಡು ಸಮಾಧಾನಪಟ್ಟರು. ಹೋಗುವ ಮೊದಲು ಪಡಸಾಲೆಯಲ್ಲಿ ಕೂತು ನಮ್ಮಿಬ್ಬರ ವರ್ಗಾವಣೆಯನ್ನೂ ಒಟ್ಟಿಗೇ ತೀರ್ಮಾನಿಸಿದರು: ತಮ್ಮನ್ನು ಸಿರುಗುಪ್ಪಕ್ಕೆ, ನನ್ನನ್ನು ಕುರುಗೋಡಿಗೆ. ಉಳಿದ ಹಕ್ಕಿಗಳನ್ನು ಓಣಿಯಲ್ಲಿ ಹಂಚಿದರು. ನನ್ನ ಅಣ್ಣ ಕೊಟ್ಟೂರಪ್ಪ ಬಹಳ ಅಂತಃಕರಣದಿಂದ ಹೇಳಿದ: "ಒಬ್ಬಾಕಿ ಇಲ್ಲಿ ಹೆಂಗ ಇರ್ತಿ ಚನ್ನವ್ವಾ? ನಮ್ಮ ಮನಿಗೆ ಬಾ. ನಿನಗೂ ಮನಸಿಗೆ ಹಗುರ, ನಿಮ್ಮ ಅತ್ತಿಗಿಗೂ ಅಡಿಗಿ ಮನ್ಯಾಗ ಒಂದು ಕೈ ಆಗ್ತೈತಿ." ನಾನು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಬೇಸಗೆಯಲ್ಲಿ ಹೊಲದ ಕೆಲಸ ಮುಗಿದ ಮೇಲೆ ಬಂಡಿ ತರುವುದೆಂದೂ, ಮನೆಯನ್ನು ಬಾಡಿಗೆಗೆ ಕೊಡುವುದೆಂದೂ ಆಯಿತು.

ಲೋಕದಲ್ಲಿ ವರ್ಗವಾದ ತಹಸೀಲ್ದಾರರು ಮಂಚ, ಆಕಳು, ಉಪ್ಪಿನಕಾಯಿ ಭರಣಿ ಸಮೇತ ಹೇಳಿದ ಊರಿಗೆ ಹೋಗಿ ಹಾಜರಾಗುವುದನ್ನು ನಾವೆಲ್ಲ ನೋಡಿದ್ದೇವೆ. ತಾವು ಆ ಹೆಸರಿಗೆ ಒಪ್ಪುವಂತೆ ನಡೆದುಕೊಂಡಿದ್ದರೆ ನನಗೆ ಈ ಕಾಗದ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ತಮ್ಮನ್ನು ಒಯ್ದವರು ಸಿರುಗುಪ್ಪದ ಭತ್ತದ ವ್ಯಾಪಾರಿ ಉಚ್ಚಂಗೆಪ್ಪನವರು. ಪಾರಿವಾಳದ ಮೇಲೆ ಪ್ರೀತಿ ಬಹಳ, ಪಾರಿವಾಳದ ವಿಷಯ ಗೊತ್ತಿರುವುದು ಕಡಿಮೆ. ಕಣ್ಣು ಬಿಟ್ಟಾಗಿನಿಂದ ಒಂದು ಮಾಳಿಗೆಯನ್ನು ಮನೆ ಎಂದುಕೊಂಡ ದೊಡ್ಡ ಹಕ್ಕಿಯನ್ನು ಇನ್ನೊಂದು ಊರಿನಲ್ಲಿ ನೆಲೆಗೊಳಿಸಲಾಗುವುದಿಲ್ಲ, ರೆಕ್ಕೆ ಬಲಿಯದ ಮರಿಯನ್ನು ಒಯ್ಯಬೇಕು ಎಂದು ನಾನು ಬಾಗಿಲ ಹಿಂದಿನಿಂದ ಹೇಳಿದೆ. ಅವರು ನಕ್ಕುಬಿಟ್ಟರು. "ಏನವ್ವಾ, ಸಿರುಗುಪ್ಪದ ಸಣ್ಣಕ್ಕಿ ತಿಂದ ಹಕ್ಕಿ ಮತ್ತ ನಿಮ್ಮ ಸಜ್ಜಿ ಕಡೆ ಹೊಳ್ಳಿ ನೋಡ್ತೈತೇನು?" ಎಂದು ಕೇಳಿದರು. ಕೆಲವು ದಿನ ರೆಕ್ಕೆಗೆ ದಾರ ಕಟ್ಟಿ, ಸಣ್ಣಕ್ಕಿ ತಿನ್ನಿಸಿ, ದಾರ ಬಿಚ್ಚಿದರು. ತಾವು ಆ ಅನ್ನದ ಋಣಕ್ಕೆ ಒಂದು ಸುತ್ತು ಹಾಕಿದಿರಂತೆ. ಮಧ್ಯಾಹ್ನಕ್ಕೆ ನಮ್ಮ ಮಾಳಿಗೆಯ ಮೇಲಿದ್ದಿರಿ.

ಇದ್ದಿರಿ ಎಂದರೆ ಮೇಲೆ ಸುತ್ತುತ್ತಿದ್ದಿರಿ. ಸೀಟಿ ಹೊಡೆಯುವವರು ಇರಲಿಲ್ಲ. ನಾನು ಸಜ್ಜೆಯ ಡಬ್ಬಿ ಅಲ್ಲಾಡಿಸಿದೆ; ಸೌಟಿನಿಂದ ತಟ್ಟೆ ಬಡಿದೆ; ಭಜನೆಯ ಒಂದು ಪದವನ್ನೂ ಹಾಡಿ ನೋಡಿದೆ. ಎದುರು ಮನೆಯವರ ಎಮ್ಮೆ ಕಿವಿ ನಿಗುರಿಸಿತು, ತಾವು ನಿಗುರಿಸಲಿಲ್ಲ. ಕತ್ತಲಾಗುವ ಮುಂದೆ ಸೋತು ಗೂಡಿನ ಹಲಗೆಯ ಮೇಲೆ ಬಿದ್ದಿರಿ. ಮಾರನೆಯ ದಿನ ಉಚ್ಚಂಗೆಪ್ಪನವರು ಬಂದು, ನಾನೇ ಮಂತ್ರ ಹಾಕಿ ಕರೆಸಿಕೊಂಡೆನೆಂಬಂತೆ ನನ್ನನ್ನು ನೋಡಿ, ತಮ್ಮನ್ನು ಬುಟ್ಟಿಗೆ ಹಾಕಿಕೊಂಡು ಹೋದರು.

ಎರಡನೆಯ ಸಲ ಅವರು ಇನ್ನೂ ಉದಾರಿಗಳಾದರು. ತಮಗೆ ಅಲ್ಲಿಯೇ ಒಂದು ಬಿಳಿ ಹೆಣ್ಣು ಹಕ್ಕಿಯನ್ನು ತಂದು ಮದುವೆ ಮಾಡಿದರು. ಹೆಂಡತಿ ಸತ್ತ ಗಂಡಿಗೆ ಹೊಸ ಹೆಣ್ಣು, ಸಣ್ಣಕ್ಕಿ, ಹೊಳೆಯ ಗಾಳಿ. ಗಂಡ ಸತ್ತ ಹೆಣ್ಣಿಗೆ ಅಣ್ಣನ ಒಲೆ. ನನ್ನ ಬುದ್ಧಿಗೆ ತೋಚಿದಂತೆ ತಮಗೆ ಸಿಕ್ಕ ಆದೇಶವೇ ಲಾಭದ್ದು. ಅದನ್ನು ತಾವು ಒದ್ದು ಬಂದಿರಿ. ಆ ದಿನಗಳಲ್ಲಿ ಬಳ್ಳಾರಿ ಯಾವ ರಾಜ್ಯಕ್ಕೆ ಸೇರಬೇಕು, ಮೈಸೂರಿಗೋ ಆಂಧ್ರಕ್ಕೋ ಎಂದು ಪ್ರತಿ ಕಟ್ಟೆಯ ಮೇಲೂ ಕನ್ನಡದಲ್ಲಿ, ತೆಲುಗಿನಲ್ಲಿ, ಎರಡನ್ನೂ ಕಲಸಿದ ಬೈಗುಳದಲ್ಲಿ ವಾದ ನಡೆದಿತ್ತು. ದೊಡ್ಡ ದೊಡ್ಡವರು ನಕಾಶೆ ಹಾಸಿಕೊಂಡು ಕೂತಿದ್ದರು. ತಾವು ನಕಾಶೆ ಇಲ್ಲದೆ, ಸಭೆ ಕರೆಯದೆ, ನಮ್ಮ ಹಿತ್ತಲಿಗೆ ಸೇರಿದವರೆಂದು ತೀರ್ಮಾನಿಸಿ, ಸುತ್ತಿ ಸುತ್ತಿ ಸೋತ ಮೇಲೆ ಹೊಗೆಗಂಡಿಯ ಪಕ್ಕ ಕೂತುಬಿಟ್ಟಿರಿ.

ಆಗಲೇ ಪಕ್ಕದ ಮನೆಯ ಸಾವಂತ್ರಮ್ಮನವರು ಅವರ ಮಾಳಿಗೆಯಿಂದ ಕೈಮುಗಿದದ್ದು. "ಏ ಚನ್ನವೀರಮ್ಮಾ, ಇದು ಹಕ್ಕಿ ಅಲ್ಲವ್ವ, ನಿನ್ನ ಗಂಡ! ನಿನ್ನ ಬಿಟ್ಟಿರಾಕ ಆಗವಲ್ದು, ಅದಕ್ಕ ಬಂದಾನ" ಎಂದರು.

"ಅಲ್ಲ ಬಿಡ್ರಿ. ನಮ್ಮವ್ರು ಇಷ್ಟು ಲಗೂನ ಎಂದೂ ಮನಿಗೆ ಬಂದವ್ರಲ್ಲ" ಎಂದೆ.

ಸಾವಂತ್ರಮ್ಮನವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗಬಾರದ ಮನೆಯಲ್ಲಿ ನಕ್ಕೆನಲ್ಲ ಎಂದು ಅತ್ತರು. ಆಮೇಲೆ ಇಬ್ಬರೂ ಸೇರಿ ನಕ್ಕೆವು. ದೀಪಾವಳಿಯಿಂದ ಈಚೆಗೆ ನಾನು ನಕ್ಕದ್ದು ಅದೇ ಮೊದಲು. ಅದರ ಕೀರ್ತಿಯನ್ನು ತಾವು ತೆಗೆದುಕೊಳ್ಳಬೇಡಿ, ತಮ್ಮ ಮೇಲಿನ ಆಪಾದನೆಗಳು ಬೇರೆಯೇ ಇವೆ.

ಉಚ್ಚಂಗೆಪ್ಪನವರು ಮತ್ತೆ ಬಂದು ತಮ್ಮನ್ನು ಒಯ್ದರು. ಈ ಸಲ ಪ್ರೀತಿ ಮುಗಿದಿತ್ತು. ಒಂದು ಕಡೆಯ ರೆಕ್ಕೆಯ ಗರಿಗಳನ್ನು ಕಿತ್ತು, "ಇನ್ನ ಹಾರ್ಲಿ ನೋಡ್ತೀನಿ" ಎಂದರಂತೆ. ಇನ್ನು ಬರುವುದಿಲ್ಲ ಎಂದು ನಾನೂ ತಿಳಿದೆ. ಗೂಡು ಗುಡಿಸಿ, ನೀರಿನ ಬೋಗುಣಿ ಬೋರಲು ಹಾಕಿ, ಕುರುಗೋಡಿಗೆ ಹೋಗುವ ಗಂಟು ಕಟ್ಟತೊಡಗಿದೆ.

ಇನ್ನು ಇಂದಿನ ಅಪರಾಧಕ್ಕೆ ಬರುತ್ತೇನೆ. ಎಲ್ಲವೂ ತೀರ್ಮಾನವಾದಂತೆ ನಡೆಯುತ್ತಿತ್ತು. ಪಾತ್ರೆ, ಹಾಸಿಗೆ, ನಾನು ಓಣಿಯ ಹೆಂಗಸರಿಗೆ ಕುಪ್ಪಸ ಹೊಲಿದುಕೊಡುವ ಮಷೀನು, ಎಲ್ಲ ಬಂಡಿಯೇರಿದ್ದವು. ಅಣ್ಣನ ದನದ ಕೊಟ್ಟಿಗೆಗೆ ಹಲಗೆ ಬೇಕಿದ್ದುದರಿಂದ ಬಡಗಿ ಎರ್ರೆಪ್ಪ ಹಿತ್ತಲಲ್ಲಿ ಏಣಿ ಹಾಕಿ ತಮ್ಮ ಗೂಡು ಬಿಚ್ಚುತ್ತಿದ್ದ. ತಾವು ಬಂದು ಇಳಿಯುವ ಮುಂದಿನ ಹಲಗೆಯೇ ಮೊದಲು ಬಿಚ್ಚಿ ಬಂತು. ಅದನ್ನು ಅವನು ಕಂಕುಳಲ್ಲಿ ಇಟ್ಟುಕೊಂಡು ಏಣಿಯ ನಡುವೆ ನಿಂತಿದ್ದಾಗ ಬಡಗಣ ದಿಕ್ಕಿನಿಂದ ತಾವು ಕಾಣಿಸಿಕೊಂಡಿರಿ.

ಅರ್ಧಂಬರ್ಧ ಬೆಳೆದ ಗರಿ. ಒಂದು ಪಕ್ಕಕ್ಕೆ ವಾಲಿಕೊಂಡು, ಮುರಿದ ಬೀಸಣಿಗೆಯಂತೆ ರೆಕ್ಕೆ ಬಡಿಯುತ್ತ, ಹಾರುವುದಕ್ಕಿಂತ ಹೆಚ್ಚಾಗಿ ಬೀಳದೆ ಬರುತ್ತಿದ್ದಿರಿ. ಸಿರುಗುಪ್ಪದಿಂದ ಅಷ್ಟು ದೂರ ಹಾಗೆಯೇ ಬಂದಿದ್ದಿರಿ. ಗೂಡಿನ ಮೇಲೆ ಒಂದು ಸುತ್ತು ಹಾಕಿದಿರಿ. ಗೂಡಿಗೆ ಬಾಯಿಯೇ ಇರಲಿಲ್ಲ. ಮತ್ತೊಂದು ಸುತ್ತು ಹಾಕಿದಿರಿ. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಗಿಡುಗವೂ ಹೊರ ಬಂತು.

"ಹಕ್ಕಿ ಅದರ ಪಾಡಿಗೆ ಅದು ಹೋಗ್ತೈತಿ. ನೀ ಬಾ, ಹೊತ್ತಾತು" ಎಂದ ಅಣ್ಣ. ಎಲ್ಲಿಗೆ ಹೋಗುತ್ತದೆ ಎಂದು ಅವನು ಹೇಳಲಿಲ್ಲ.

ನಾನು ಮಾಳಿಗೆಯ ಮೆಟ್ಟಿಲು ಹತ್ತಿದೆ. ಬೋಳು ಹಣೆಯ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಡುಹಗಲು, ಎರಡು ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದನ್ನು ಓಣಿ ಹಿಂದೆ ನೋಡಿರಲಾರದು. ಮೊದಲ ಸಲ ಬಂದದ್ದು ಬರೀ ಗಾಳಿ ಮತ್ತು ಸ್ವಲ್ಪ ಉಗುಳು. ಕೆಳಗಿದ್ದ ಎರ್ರೆಪ್ಪ ಮಳೆಯೇ ಎಂದು ಮೇಲೆ ನೋಡಿದ. "ಎರ್ರೆಪ್ಪಾ, ಆ ಹಲಗಿ ಮ್ಯಾಲೆತ್ತಿ ಹಿಡಿ!" ಎಂದು ಕೂಗಿದೆ. ಅವನು ಎರಡೂ ಕೈಯಲ್ಲಿ ಹಲಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದ. ಇಷ್ಟು ವರ್ಷ ಯಜಮಾನರ ತುಟಿ, ಅವರ ಬೆರಳು, ಅವರ ಕೆನ್ನೆ ಹೇಗೆ ಇರುತ್ತಿದ್ದವೋ ಹಾಗೆ ನನ್ನವನ್ನು ಇಟ್ಟುಕೊಂಡು ಇನ್ನೊಮ್ಮೆ ಊದಿದೆ.

ಸೀಟಿ ಬಂತು. ಅವರದೇ ಸೀಟಿ. ಅಣ್ಣ ಬೆಚ್ಚಿ ಹಿತ್ತಲ ಬಾಗಿಲ ಕಡೆ ತಿರುಗಿದ. ನಾನು ಊದಿದವಳೇ ಆದರೂ, ಬಂದರು, ಕಾಲು ತೊಳೆಯಲು ನೀರು ಇಡಬೇಕು ಎಂದುಕೊಂಡೆ. ನೀರಿನ ತಂಬಿಗೆ ಬಂಡಿಯಲ್ಲಿತ್ತು.

ತಾವು ರೆಕ್ಕೆ ಮಡಿಸಿ ಕಲ್ಲು ಬಿದ್ದಂತೆ ಎರ್ರೆಪ್ಪನ ತಲೆಯ ಮೇಲಿನ ಹಲಗೆಗೆ ಬಿದ್ದಿರಿ. ಗಿಡುಗ ಹೊಗೆಗಂಡಿಯ ಮೇಲೆ ಹಾದು ಉಗುರಿಗೆ ಏನೂ ಸಿಗದೆ ಬರಿಗಾಲಲ್ಲಿ ಹೋಯಿತು. ಆಮೇಲೆ ಎರ್ರೆಪ್ಪ, ತಲೆ ಅಲ್ಲಾಡಿಸದೆ, "ಅಕ್ಕಾರ, ಹಿಂಗ ಹಿಡ್ಕೊಂಡ ಇರ್ಲೇನ್ರಿ, ಕೆಳಗ ಇಳೀಲೇನ್ರಿ? ಸಾಹೇಬ್ರು ಮ್ಯಾಲ ಏನೋ ಮಾಡ್ಯಾರ" ಎಂದ. ಸಾವಂತ್ರಮ್ಮನವರು ಅವರ ಮಾಳಿಗೆಯಿಂದ, "ಯವ್ವಾ ಚನ್ನವೀರಮ್ಮಾ, ಇಷ್ಟು ದಿನ ಈ ಸೀಟಿ ಎಲ್ಲಿ ಇಟ್ಕೊಂಡಿದ್ದೆ!" ಎಂದು ಚಪ್ಪಾಳೆ ತಟ್ಟಿದರು.

ಅಣ್ಣನ ಮುಖ ಕೆಂಪಾಗಿತ್ತು. "ಕೆಳಗ ಇಳಿ ಮೊದ್ಲು. ಮಂದಿ ನೋಡಾಕತ್ತೈತಿ. ನಮ್ಮ ಮನಿಯಾಗ ಇಂಥದ್ದು ನಡ್ಯಾಂಗಿಲ್ಲ" ಎಂದ.

"ಹೌದಣ್ಣ, ಅಲ್ಲಿ ನಡ್ಯಾಂಗಿಲ್ಲ. ಅದಕ್ಕ ಇಲ್ಲೇ ಇರ್ತೀನಿ" ಎಂದೆ. "ಒಬ್ಬಾಕಿ ಹೆಂಗ ಇರ್ತಿ ಅಂತ ಕೇಳಿದ್ಯಲ್ಲ. ಹೆಂಗ ಅಂತ ನನಗೂ ಗೊತ್ತಿಲ್ಲ. ಮೊದಲು ಆ ಮಷೀನ್ ಇಳಸು."

ಅಣ್ಣ ಕೆಟ್ಟವನಲ್ಲ. ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದ. ಆಮೇಲೆ ಎದ್ದು ಮಷೀನನ್ನು ತಾನೇ ಹೊತ್ತು ಒಳಗೆ ತಂದು ಕಿಟಕಿಯ ಪಕ್ಕ ಇಟ್ಟ. ಹೊರುವಾಗ ಹೆಜ್ಜೆ ಹೆಜ್ಜೆಗೂ ತಮ್ಮನ್ನು, ತಮ್ಮ ತಂದೆತಾಯಿಗಳನ್ನು, ತಮ್ಮ ಮುಂದಿನ ಸಂತಾನವನ್ನು ಬೈದ. ನನ್ನನ್ನು ಬೈಯಲಿಲ್ಲ.

ಮಾನ್ಯರೇ, ಹೀಗೆ ನಾಲ್ಕು ಜನ ಹೇಳಿದ್ದನ್ನು ಕೇಳಿಕೊಂಡು ಮೆತ್ತಗೆ ಹೋಗಬೇಕಾಗಿದ್ದ ಒಬ್ಬ ಹೆಂಗಸನ್ನು ತಾವು ಕೆಡಿಸಿದ್ದೀರಿ. ಇದಕ್ಕೆ ತಕ್ಕ ಪರಿಹಾರವಾಗಿ ತಮ್ಮಿಂದ ಕೆಲವು ಉಪಕಾರಗಳನ್ನು ಬೇಡುತ್ತೇನೆ. ಹೊಲಿದು ಹರವಿಟ್ಟ ಓಣಿಯವರ ಕುಪ್ಪಸಗಳ ಮೇಲೆ ತಮ್ಮ ಮೊಹರು ಒತ್ತಬಾರದು. ಯಜಮಾನರ ಸೀಟಿಗೂ ನನ್ನ ಸೀಟಿಗೂ ವ್ಯತ್ಯಾಸ ತಿಳಿಯದೆ ಇಳಿದಿರೋ, ತಿಳಿದೂ ಇಳಿದಿರೋ, ಈ ಬಗ್ಗೆ ಲಿಖಿತ ವಿವರಣೆ ಕೊಡಬೇಕು. ತಮ್ಮ ಪುಟ್ಟ ತಲೆಯೊಳಗೆ ಮನೆಯ ದಿಕ್ಕು ತೋರಿಸುವುದು ಏನಿದೆಯೋ ಅದನ್ನು ಬೆಳಗಿನ ಹೊತ್ತು ಸ್ವಲ್ಪ ನನಗೆ ಎರವಲು ಕೊಡಬೇಕು. ಎದ್ದ ತಕ್ಷಣ ಯಾವ ಕಡೆ ತಿರುಗಬೇಕೆಂದು ಕೆಲವು ದಿನ ನನಗೆ ತಿಳಿಯುವುದಿಲ್ಲ. ಮತ್ತು ಸಾಧ್ಯವಾದರೆ ಎಲ್ಲಿಂದ ಬಿಟ್ಟರೂ ತಿರುಗಿ ಬರುವ ಈ ವಿದ್ಯೆಯನ್ನು ಕಲಿಸಿದವರಿಗೂ ಕಲಿಸಿ ಬರಬೇಕು. ಅವರು ಹೋದ ಊರು ತಮ್ಮ ರೆಕ್ಕೆಗೆ ನಿಲುಕುವುದೋ ಇಲ್ಲವೋ ನಾನರಿಯೆ. ಗರಿ ಪೂರ್ತಿ ಬೆಳೆದ ಮೇಲೆ ಯೋಚಿಸಿ, ಅವಸರವಿಲ್ಲ.

ಅಲ್ಲಿಯವರೆಗೆ ತಮ್ಮ ವರ್ಗಾವಣೆಯನ್ನೂ ನನ್ನದನ್ನೂ ರದ್ದು ಮಾಡಲಾಗಿದೆ.

ಹೀಗೆಂದು ಬಿನ್ನವಿಸುವ ತಮ್ಮ ವಿಶ್ವಾಸಿ, ತಮ್ಮ ಗೂಡಿನ ಕಸ ಗುಡಿಸುವವಳು, ಇಂದಿನಿಂದ ತಮ್ಮ ಸೀಟಿಯವಳೂ ಆದ
ಚನ್ನವೀರಮ್ಮ

ಮರೆತ ಮಾತು: ಸಿರುಗುಪ್ಪದಲ್ಲಿ ತಾವು ಬಿಟ್ಟು ಬಂದ ಬಿಳಿ ಹೆಂಡತಿಯನ್ನು ಇಲ್ಲಿಗೆ ಕಳಿಸಿಕೊಡಬೇಕೆಂದು, ಮರಿಯಾದರೆ ರೆಕ್ಕೆ ಬಲಿಯುವ ಮೊದಲು ಒಯ್ಯಬಹುದೆಂದು ಉಚ್ಚಂಗೆಪ್ಪನವರಿಗೆ ಹೇಳಿ ಕಳಿಸುತ್ತಿದ್ದೇನೆ. ಆದರೆ ಆಕೆಗೂ ತಮ್ಮಷ್ಟೇ ತಲೆ ಇದೆ. ಒಂದು ದಿನ ತಮ್ಮನ್ನು ಇಲ್ಲಿ ಬಿಟ್ಟು ನೆಟ್ಟಗೆ ಸಿರುಗುಪ್ಪದ ದಾರಿ ಹಿಡಿದರೆ ನಾನು ಸೀಟಿ ಹೊಡೆದು ತಡೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ತಮ್ಮ ಗೂಡಿಗೆ ಹಲಗೆ ಹೊಡೆಯಲು ಎರ್ರೆಪ್ಪ ಬೆಳಿಗ್ಗೆ ಬರುತ್ತಾನೆ. ಅಣ್ಣ ಏಣಿ ಹಿಡಿಯಬೇಕಾಗುತ್ತದೆ. ನಾಳೆ ಸೋಮವಾರ, ಎತ್ತಿಗೆ ಬಿಡುವಿನ ದಿನ, ಬಂಡಿ ಹೂಡುವಂತಿಲ್ಲ.